ಎಣಿಸಬಾರದ ಹಿಂಡು

ನನ್ನ ಮೊಮ್ಮಗಳ ವಿಷಯ ಬರೆಯಲು ಕೂತರೆ ಎಲ್ಲಿಂದ ಶುರು ಮಾಡಬೇಕೆಂಬುದೇ ತಿಳಿಯುವುದಿಲ್ಲ, ಮಾತುಗಳು ಒಂದರ ಮೇಲೊಂದು ಬಿದ್ದು ಬರುತ್ತವೆ. ನಾನು ಓದಿದ್ದು ಮೂರನೆಯ ಇಯತ್ತೆ. ಅದೂ ಪೂರ್ತಿಯಲ್ಲ. ಕುರಿ ಮರಿ ಹಾಕುವ ಕಾಲಕ್ಕೆ ಕೈಗೆ ಆಸರೆಯಾಗಲಿ ಎಂದು ಅಪ್ಪ ಸಾಲೆ ಬಿಡಿಸಿಕೊಂಡು ಹೋದ, ಮತ್ತೆ ಕಳಿಸಲಿಲ್ಲ. ಎಷ್ಟೋ ವರ್ಷದ ಮೇಲೆ ಈ ಮೊಮ್ಮಗಳೇ ನನ್ನ ಕೈಗೆ ಪಾಟಿ ಕೊಟ್ಟು ಅಕ್ಷರ ತಿದ್ದಿಸಿದಳು. ಒತ್ತಕ್ಷರ ತಪ್ಪಿದರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಹಾಗಾಗಿ ಇಲ್ಲಿ ತಪ್ಪಿದ್ದರೆ ಅದು ನನ್ನದು, ನೆಟ್ಟಗಿದ್ದರೆ ಅವಳದು.

ಅವಳು ನನ್ನ ಮಗನ ಮಗಳು, ಮನೆಯ ಮೊದಲ ಕೂಸು. ನಾಲ್ಕು ವರ್ಷದವಳಿದ್ದಾಗಲೇ ಮರಿ ಕೂಗಿದ್ದು ಕೇಳಿ ಇದು ಯಾವ ಕುರಿಯ ಮರಿ ಎಂದು ಹೇಳುತ್ತಿದ್ದಳು. ಹುಟ್ಟಿದಾಗಿನಿಂದ ಕುರಿ ಕಾಯ್ದ ನಾನೇ ಒಮ್ಮೊಮ್ಮೆ ತಪ್ಪುತ್ತಿದ್ದೆ, ಅವಳು ತಪ್ಪುತ್ತಿರಲಿಲ್ಲ. ಓಡಲು ನಿಂತರೆ ನಮ್ಮ ಹಿಂಡಿನ ಮುಧೋಳ ನಾಯಿಗೂ ಏದುಸಿರು ಬರಬೇಕು, ಅಂಥ ಓಟ. ಇಂಥ ಹುಡುಗಿ ಐದನೆಯ ತರಗತಿಗೆ ಬಂದರೂ ಲೆಕ್ಕದಲ್ಲಿ ಬಾಯಿ ಬಿಡುತ್ತಿರಲಿಲ್ಲ. ಏಳಕ್ಕೆ ಐದು ಕೂಡಿಸಿದರೆ ಎಷ್ಟು ಎಂದು ಕೇಳಿದರೆ ನೆಲ ನೋಡುತ್ತ ನಿಲ್ಲುತ್ತಿದ್ದಳು. ಅದಕ್ಕೆ ಕಾರಣ ನಾನು. ಅದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ನಮ್ಮದು ಜಮಖಂಡಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಹಳ್ಳಿ. ಬೀರಪ್ಪನ ಒಕ್ಕಲು, ಕುರಿ ಕಾಯುವ ಮನೆತನ. ನಮ್ಮಲ್ಲಿ ಕುರಿ ಎಣಿಸುವುದಿಲ್ಲ. ಜೀವ ಇರುವ ಯಾವುದನ್ನೂ ಬೆರಳು ಮಾಡಿ ಎಣಿಸಬಾರದು, ಎಣಿಸಿದರೆ ಇದ್ದದ್ದು ಇಲ್ಲವಾಗುತ್ತದೆ ಎಂದು ನಮ್ಮಪ್ಪ ನನಗೆ ಹೇಳಿದ್ದ, ಅವನ ಅಪ್ಪ ಅವನಿಗೆ ಹೇಳಿದ್ದ. ಎಷ್ಟು ಕುರಿ ಅದಾವ ಎಂದು ಯಾರಾದರೂ ಕೇಳಿದರೆ ದೇವರು ಕೊಟ್ಟಷ್ಟು ಎನ್ನುತ್ತೇವೆ. ಹಾಗಾದರೆ ಒಂದು ತಪ್ಪಿಸಿಕೊಂಡರೆ ಹೇಗೆ ಗೊತ್ತಾಗುತ್ತದೆ ಎಂದು ಸಾಲೆ ಕಲಿತವರು ಕೇಳುತ್ತಾರೆ. ಮನೆಯಲ್ಲಿ ಊಟಕ್ಕೆ ಕೂತಾಗ ಯಾರು ಬಂದಿಲ್ಲ ಎಂದು ತಿಳಿಯಲು ನೀವು ಎಣಿಸುತ್ತೀರೇನು? ಮುಖ ನೋಡಿದರೆ ಗೊತ್ತಾಗುತ್ತದೆ. ಇದೂ ಹಾಗೆಯೇ.

ಹುಡುಗಿಗೆ ಐದು ವರ್ಷವಿದ್ದಾಗ ಅಂಗನವಾಡಿಯಲ್ಲಿ ಎಣಿಕೆ ಕಲಿಸಿದರು. ಹೊಸದಾಗಿ ಕಲಿತ ಹುರುಪು. ಒಂದು ಸಂಜೆ ದಡ್ಡಿಯಲ್ಲಿ, ಅಂದರೆ ಕುರಿ ಕೂಡುವ ಜಾಗದಲ್ಲಿ, ಮರಿಗಳ ನಡುವೆ ನಿಂತು ಒಂದೊಂದಕ್ಕೂ ಬೆರಳು ಮಾಡಿ ಎಣಿಸುತ್ತಿದ್ದಳು. ಹದಿನಾಲ್ಕರ ತನಕ ಹೋಗಿದ್ದಳು. ನಾನು ಹಿಂದಿನಿಂದ ಬಂದು ಆ ಕೈಗೆ ರಪ್ಪನೆ ಹೊಡೆದೆ. ಅಷ್ಟಕ್ಕೇ ಮುಗಿದಿದ್ದರೆ ಹುಡುಗಿ ಮರೆಯುತ್ತಿದ್ದಳೇನೋ. ಆದರೆ ಎಂಟು ದಿನಕ್ಕೆ ಮಳೆ ಹಿಡಿಯಿತು, ಮರಿಗಳಿಗೆ ಬೇನೆ ಬಂತು, ನಿಂತಲ್ಲೇ ಕುಸಿದವು. ಸತ್ತ ಮರಿಗಳನ್ನು ಒಂದು ಕಡೆ ಒಟ್ಟಿದಾಗ ಹುಡುಗಿ ಬಂದು ನನ್ನ ಕಂಬಳಿಯ ತುದಿ ಹಿಡಿದಳು. ಆಗ ನಾನು ಹೇಳಿದ ಮಾತು ಇದು:

"ನೀ ಎಣಿಸಿದ್ದಕ್ಕ ಸತ್ತಾವು."

ಐದು ವರ್ಷದ ಕೂಸಿಗೆ. ನಾಲ್ಕು ಮಂದಿ ಮುಂದೆ.

ಅವಳು ಅಳಲಿಲ್ಲ. ಕಂಬಳಿ ಬಿಟ್ಟು ಹೋಗಿ ಅವಳ ಆಯಿ, ಅಂದರೆ ನನ್ನ ಹೆಂಡತಿಯ ಹಿಂದೆ ನಿಂತಳು. ಅವತ್ತಿನಿಂದ ಅವಳ ಬಾಯಲ್ಲಿ ಒಂದು, ಎರಡು ಎಂಬುದನ್ನು ನಾನು ಕೇಳಲಿಲ್ಲ. ನನಗೆ ಅದು ತಪ್ಪು ಎಂದು ಅನಿಸಲೂ ಇಲ್ಲ, ಹುಡುಗಿ ಮಾತು ಕೇಳುತ್ತಾಳೆ ಎಂದು ಹೆಮ್ಮೆಪಟ್ಟೆ. ಸಾಲೆಯ ಮೊದಲ ಪುಸ್ತಕ ತೆರೆದರೆ ಬರೀ ಜೀವ ಇದ್ದವುಗಳ ಲೆಕ್ಕ. ಮೂರು ಬಾತುಕೋಳಿ, ನಾಲ್ಕು ಮಕ್ಕಳು, ಮರದ ಮೇಲೆ ಹನ್ನೆರಡು ಹಕ್ಕಿ. ಅವಳು ಎಲ್ಲಕ್ಕೂ ಬಾಯಿ ಮುಚ್ಚಿದಳು. ಇವಳಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ ಎಂದು ಮಾಸ್ತರು ಹಿಂದಿನ ಸಾಲಿನಲ್ಲಿ ಕೂಡಿಸಿದರು. ಓದುವುದರಲ್ಲಿ ಮುಂದು, ಲೆಕ್ಕದಲ್ಲಿ ಸೊನ್ನೆ. ಹಾಗೇ ನಾಲ್ಕು ವರ್ಷ ಹೋದವು.

ಅಷ್ಟರಲ್ಲಿ ಹಿಪ್ಪರಗಿ ಬ್ಯಾರೇಜಿನಲ್ಲಿ ನೀರು ನಿಲ್ಲತೊಡಗಿತ್ತು. ಹೊಲದವರಿಗೆ ಒಳ್ಳೆಯದಾಯಿತು, ಅದಕ್ಕೆ ನಾನು ಅಸೂಯೆ ಪಡುವುದಿಲ್ಲ. ಆದರೆ ನಾವು ಮೇಯಿಸುತ್ತಿದ್ದ ದಂಡೆ, ಬೀಳು, ಕುರುಚಲು ಎಲ್ಲ ಕಬ್ಬಾಯಿತು. ಕಬ್ಬಿನಲ್ಲಿ ಕುರಿಗೆ ಕಾಲಿಡಲು ಜಾಗವಿಲ್ಲ. ಮೊದಲು ನಾನು ಮತ್ತು ಮಗ ಎರಡು ತಿಂಗಳು ಹಿಂಡು ಹೊಡೆದುಕೊಂಡು ಮುಧೋಳದ ಕಡೆ, ಬೀಳಗಿಯ ಕಡೆ ಹೋಗಿ ಬರುತ್ತಿದ್ದೆವು. ಇನ್ನು ಮೇಲೆ ವರ್ಷದ ಹೆಚ್ಚು ಪಾಲು ಹೊರಗೇ, ಹೆಂಗಸರು ಮಕ್ಕಳು ಸಮೇತ ಎಂದು ಮಗ ಹೇಳಿದ. ಹುಡುಗಿಯ ಸಾಲೆ? ಬೀಳಗಿ ಕಡೆ ಹೆಣ್ಣುಮಕ್ಕಳ ವಸತಿ ಸಾಲೆ ಇತ್ತು, ಆರನೆಯ ತರಗತಿಯಿಂದ. ಊಟ, ವಸತಿ, ಓದು ಎಲ್ಲ ಅಲ್ಲೇ. ಆದರೆ ಪ್ರವೇಶಕ್ಕೆ ಪರೀಕ್ಷೆ ಬರೆಯಬೇಕು, ಅದರಲ್ಲಿ ಲೆಕ್ಕವೇ ಹೆಚ್ಚು. ಮಗ ಒಂದು ವರ್ಷದ ಗಡುವು ಕೊಟ್ಟ.

"ಈ ವರ್ಷ ಹೆಂಗರ ಊರ ಸುತ್ತನ ಇರೂಣು ಯಪ್ಪಾ. ಸೀಟ್ ಸಿಗಲಿಲ್ಲಂದ್ರ ಆಕಿ ನಮ್ಮ ಕೂಡ ಕುರಿ ಹಿಂದ ಬರ್ತಾಳ. ಮತ್ತ ಸಾಲಿ ಮಾತ ತಗೀಬ್ಯಾಡ್ರಿ."

ಮಗನ ಮಾತಿನಲ್ಲಿ ಕಪಟವಿರಲಿಲ್ಲ. ಆದರೂ ನನಗೆ ಅದು ಒಪ್ಪಿಗೆಯಾಗಲಿಲ್ಲ. ಕುರಿ ಹಿಂದೆ ಹೋಗುವುದು ಕೀಳೆಂದಲ್ಲ, ನಾನು ಬದುಕಿದ್ದೇ ಹಾಗೆ. ಆದರೆ ನನ್ನನ್ನು ಸಾಲೆಯಿಂದ ಎಬ್ಬಿಸಿಕೊಂಡು ಹೋದ ದಿನ ಪಾಟಿಯನ್ನು ಕಿಟಕಿಯಲ್ಲಿ ಇಟ್ಟು ಬಂದಿದ್ದೆ, ನಾಳೆ ಬರುತ್ತೇನೆ ಎಂದುಕೊಂಡು.

ಆ ವರ್ಷವೇ ಮುಧೋಳದಿಂದ ಹೊಸ ಅಕ್ಕೋರು ಬಂದರು, ಲೆಕ್ಕ ಕಲಿಸುವವರು. ಅವರ ಪಾಠ ಊರಿಗೇ ಸೋಜಿಗ. ಜೋಳದ ದಂಟನ್ನು ಹತ್ತತ್ತರ ಕಟ್ಟು ಕಟ್ಟಿಸಿ ಕೂಡಿಸುವುದು, ಕಳೆಯುವುದು. ಸಾಲೆಯ ಅಂಗಳದಲ್ಲಿ ಸಂತೆ ಹಾಕಿಸಿ ತಕ್ಕಡಿ ಹಿಡಿಸುವುದು. ಕಿಟಕಿಯ ಉದ್ದ ಅಗಲವನ್ನು ಮಕ್ಕಳ ಕೈಯಿಂದಲೇ ಗೇಣು ಹಾಕಿಸುವುದು. ಮಕ್ಕಳು ಗಂಟೆ ಹೊಡೆದರೂ ಮನೆಗೆ ಬರುತ್ತಿರಲಿಲ್ಲ. ನಮ್ಮ ಹುಡುಗಿ ಮಾತ್ರ ಸಂತೆಯಲ್ಲೂ ಮೂಲೆಯಲ್ಲಿ ಕೂತಿರುತ್ತಿದ್ದಳು. ಒಂದು ದಿನ ಅಕ್ಕೋರು, ನಿಮ್ಮ ಮನೆಯ ದನ, ಕುರಿ, ಕೋಳಿ ಎಣಿಸಿ ಬರೆದುಕೊಂಡು ಬನ್ನಿ ಎಂದು ಮಕ್ಕಳಿಗೆ ಹೇಳಿದರಂತೆ. ಎಲ್ಲ ಮಕ್ಕಳೂ ಬರೆದರು. ಊರಿನಲ್ಲೇ ದೊಡ್ಡ ಹಿಂಡಿನ ಮನೆಯ ಹುಡುಗಿ ಬರೀ ಹಾಳೆ ಕೊಟ್ಟಳು.

ಮರುದಿನ ಸಂಜೆ ಅಕ್ಕೋರು ನಮ್ಮನ್ನು ಹುಡುಕಿಕೊಂಡು ಬಂದರು. ನಾವು ಊರ ಹೊರಗೆ ಒಬ್ಬರ ಹೊಲದಲ್ಲಿ ಕುರಿ ತರುಬಿದ್ದೆವು. ಹಿಂಗಾರಿ ಬಿತ್ತುವ ಮೊದಲು ಹೊಲದವರು ಗೊಬ್ಬರಕ್ಕಾಗಿ ಹಿಂಡು ಕರೆಸಿಕೊಳ್ಳುತ್ತಾರೆ. ಗೂಟ ನೆಟ್ಟು, ಸುತ್ತ ಬಲೆ ಕಟ್ಟಿ, ಅದರೊಳಗೆ ಕುರಿ ಕೂಡಿಸುತ್ತೇವೆ. ಮರುದಿನ ಬಲೆಯನ್ನು ಪಕ್ಕಕ್ಕೆ ಸರಿಸುತ್ತೇವೆ. ಹೀಗೆ ಇಡೀ ಹೊಲ ತುಂಬಬೇಕು. ಅಕ್ಕೋರು ಬದುವಿನ ಮೇಲೆ ನಿಂತಾಗ ಹುಡುಗಿ ಹೆಜ್ಜೆ ಹಾಕುತ್ತ ಗೂಟದ ಜಾಗ ತೋರಿಸುತ್ತಿದ್ದಳು. ಹೊಲದ ಯಜಮಾನ ಬಂದು ಇನ್ನೂ ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಇವಳು ಹೇಳಿದಳು:

"ಇನ್ನ ಒಂಬತ್ತ ದಿನಾರಿ ಕಾಕಾ."

ಅಕ್ಕೋರು ಹೊಲದೊಳಗೆ ಇಳಿದು ಬಂದರು. ಒಂಬತ್ತು ಹೇಗೆ ಎಂದು ಕೇಳಿದರು. ಹುಡುಗಿ ನನ್ನ ಮುಖ ನೋಡಿ, ಆಮೇಲೆ ಹೇಳಿದಳು. ಬಲೆ ಮೂವತ್ತು ಹೆಜ್ಜೆ ಉದ್ದ, ಇಪ್ಪತ್ತು ಹೆಜ್ಜೆ ಅಗಲ. ಹೊಲ ನೂರಿಪ್ಪತ್ತು ಉದ್ದ, ಅರವತ್ತು ಅಗಲ. ಉದ್ದಕ್ಕೆ ನಾಲ್ಕು, ಅಗಲಕ್ಕೆ ಮೂರು ಸಲ ಬಲೆ ಕೂಡುತ್ತದೆ. ಮೂರು ದಿನ ಮುಗಿದಿವೆ. ಅಕ್ಕೋರು ಬಲೆಯ ಅಂಚು ಹಿಡಿದು ನೋಡಿದರು. ಬಲೆ ಅರ್ಧಕ್ಕೆ ಹರಿದು ಹೋದರೆ ಎಷ್ಟು ದಿನ ಬೇಕಾದೀತು ಎಂದರು.

"ಹದಿನೆಂಟು. ಆದ್ರ ಅರ್ಧಾ ಬಲಿಯೊಳಗ ಕುರಿ ಹಿಡಿಯೂದಿಲ್ರಿ ಅಕ್ಕೋರ, ಉಸರಗಟ್ಟಿ ಸಾಯ್ತಾವು. ಮೊದಲ ಬಲಿ ಹೊಲೀಬೇಕ್ರಿ."

ಅಕ್ಕೋರು ನಕ್ಕ ನಗು ಆಚೆ ಹೊಲಕ್ಕೆ ಕೇಳಿರಬೇಕು. ನಾನೂ ನಕ್ಕೆ. ಹೆಜ್ಜೆಗೆ ಜೀವವಿಲ್ಲವಲ್ಲ, ಎಣಿಸಬಹುದು. ಅವಳು ಬಾಯಿ ಬಿಡದೆ ಮನಸ್ಸಿನಲ್ಲೇ ಅದನ್ನೆಲ್ಲ ಮಾಡಿಕೊಂಡಿದ್ದಳು. ಎರಡು ದಿನ ಬಿಟ್ಟು ಅಕ್ಕೋರು ಇಡೀ ತರಗತಿಯನ್ನು ಹೊಲಕ್ಕೆ ಕರೆತಂದರು. ನಲವತ್ತು ಮಕ್ಕಳು ಹೆಜ್ಜೆ ಹಾಕುತ್ತ ಅಡ್ಡಾಡಿದ್ದಕ್ಕೆ ಕುರಿ ಬೆದರಿ ಮೂಲೆಗೆ ಸೇರಿದವು. ನೋಡಿ, ನಲವತ್ತು ಎಂದು ಬರೆದುಬಿಟ್ಟೆ, ಅಕ್ಕೋರು ಹೇಳಿದ್ದು. ಅವತ್ತು ಪಾಠ ಮಾಡಿದವಳು ನನ್ನ ಮೊಮ್ಮಗಳು. ಹಿಂದಿನ ಸಾಲಿನವಳು ಗೂಟ ಹಿಡಿದು ಮುಂದೆ ನಿಂತು, ಅಡ್ಡ ಎಷ್ಟು, ಉದ್ದ ಎಷ್ಟು ಎಂದು ಮಕ್ಕಳನ್ನು ಗದರಿಸುತ್ತಿದ್ದಳು. ನಾನು ಬದುವಿನ ಆಚೆ ಮುಖ ಮಾಡಿ ಕಣ್ಣು ಒರೆಸಿಕೊಂಡೆ.

ಅದಾದ ಮೇಲೆ ಸಾಲೆಯಲ್ಲೂ ಬಾಯಿ ಬಿಟ್ಟಳು. ದಂಟು, ಬಳೆ, ಇಟ್ಟಂಗಿ, ನೀರಿನ ಕೊಡ, ಎಲ್ಲವನ್ನೂ ಕೂಡಿಸಿ ಭಾಗಿಸಿದಳು. ಮನೆಯಲ್ಲಿ ಹಬ್ಬವೇ. ಆದರೆ ಚಳಿ ಮುಗಿಯುವ ಹೊತ್ತಿಗೆ ಅಕ್ಕೋರು ಮತ್ತೆ ಬಂದರು, ಮುಖ ಸಣ್ಣದಾಗಿತ್ತು. ಕೈಯಲ್ಲಿ ಹಳೆಯ ಪ್ರಶ್ನೆಪತ್ರಿಕೆ. ಒಬ್ಬನ ಹತ್ತಿರ ಇಷ್ಟು ಕುರಿ ಇದ್ದವು, ಇಷ್ಟು ಸತ್ತವು, ಉಳಿದವು ಎಷ್ಟು ಎಂದು ಒಂದು ಲೆಕ್ಕ. ಅದರ ಮೇಲೆ ಹುಡುಗಿ ಪೆನ್ಸಿಲ್ ಇಟ್ಟು ಕುಳಿತವಳು ಮುಂದಿನ ಲೆಕ್ಕಕ್ಕೂ ಹೋಗಿರಲಿಲ್ಲ, ಗಂಟೆ ಹೊಡೆಯುವ ತನಕ. ಹಕ್ಕಿ ಬಂದರೂ ಅಷ್ಟೆ, ಮಕ್ಕಳು ಬಂದರೂ ಅಷ್ಟೆ. ಯಾಕೆಂದು ಅಕ್ಕೋರು ಎಷ್ಟು ಕೇಳಿದರೂ ಹೇಳಿರಲಿಲ್ಲ. ಆಗ ನಾನು ಹೇಳಿದೆ. ಹೊಡೆದದ್ದು, ಆ ಮಾತು ಆಡಿದ್ದು, ಎಲ್ಲ. ನನ್ನ ಮಗಳ ವಯಸ್ಸಿನ ಹೆಣ್ಣುಮಗಳ ಮುಂದೆ ತಲೆ ತಗ್ಗಿಸಿ ಹೇಳಿದೆ.

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು.

"ಅಜ್ಜಾರ, ನಾ ಲೆಕ್ಕಾ ಕಲಿಸ್ತೇನ್ರಿ. ಪರೀಕ್ಷಾದಾಗ ಏನ್ ಕೇಳ್ತಾರೋ ಅದು ನನ್ನ ಕೈಯಾಗಿಲ್ಲ. ಆದ್ರ ನೀವು ಕಟ್ಟಿದ ಗಂಟು ನಾ ಬಿಚ್ಚಾಕ ಬರೂದಿಲ್ರಿ."

ಅವರು ಹೋದ ಮೇಲೆ ನನಗೆ ಎರಡೂ ಕಡೆಯ ಚಿಂತೆ ಶುರುವಾಯಿತು. ಒಂದು ಕಡೆ ಹುಡುಗಿ. ಇನ್ನೊಂದು ಕಡೆ ಹಿಂಡು, ಅದೇ ಮನೆಯ ಅನ್ನ. ಊರ ಸುತ್ತಲೇ ಉಳಿದಿದ್ದಕ್ಕೆ ಆಗಲೇ ಮೇವು ಸಾಲದೆ ಕುರಿಗಳ ಪಕ್ಕೆಲುಬು ಕಾಣುತ್ತಿದ್ದವು. ಅಂಥದ್ದರಲ್ಲಿ ಎಣಿಸಲು ಹಚ್ಚಿ, ಏನಾದರೂ ಆಗಿಬಿಟ್ಟರೆ? ಒಂದು ಸತ್ತರೂ ಹುಡುಗಿ ಈ ಸಲ ನಿಜವಾಗಿಯೂ ಮುರಿದು ಹೋಗುತ್ತಾಳೆ. ಎಣಿಸದಿದ್ದರೆ ಸಾಲೆ ಹೋಯಿತು. ಗುಡಿಗೆ ಹೋಗಿ ಬೀರಪ್ಪನ ಮುಂದೆ ಕೂತೆ. ಏನು ಕೇಳಬೇಕೆಂದೇ ತಿಳಿಯಲಿಲ್ಲ, ಕೂತು ಎದ್ದು ಬಂದೆ. ಊಟಕ್ಕೆ ಕೂತರೂ ಅದನ್ನೇ ಗೊಣಗುತ್ತಿದ್ದೆ. ಕಡೆಗೆ ನನ್ನ ಹೆಂಡತಿ ತಾಟು ಕುಕ್ಕಿ ಹೇಳಿದಳು:

"ರೇಷನ್ ಕಾರ್ಡ್ ಮಾಡಾಕ ಬಂದಾವ ಮನಿ ಮಂದೀನೆಲ್ಲಾ ಬೆರಳ ಮಾಡಿ ಎಣಿಸ್ಕೊಂಡ್ ಹೋದ. ಯಾರ್ ಸತ್ರು? ನೀವಂತೂ ಗಟ್ಟಿ ಕುಂತೀರಿ, ಮೂರ್ ರೊಟ್ಟಿ ತಿನ್ನಾಕ."

ಎರಡೇ ತಿಂದಿದ್ದೇನೆ ಎಂದೆ. ಅದನ್ನಾದರೂ ಎಣಿಸಿದಿರಲ್ಲ ಎಂದಳು. ನಗಬೇಕೋ ಅಳಬೇಕೋ ತಿಳಿಯದೆ ಹೊರಗೆ ಬಂದು ನಿಂತೆ.

ಪರೀಕ್ಷೆಗೆ ಒಂಬತ್ತು ದಿನ ಉಳಿದಾಗ, ಶುಕ್ರವಾರ ಬೆಳಿಗ್ಗೆ, ಹಿಂಡು ಹೊರಗೆ ಬಿಡುವ ಹೊತ್ತಿಗೆ ಹುಡುಗಿಯನ್ನು ಕರೆದೆ. ಬಲೆಯನ್ನು ಒಂದೇ ಕುರಿ ಹೊರಬರುವಷ್ಟು ತೆರೆದು, ಅವಳನ್ನು ಬಾಯಿಗೆ ನಿಲ್ಲಿಸಿದೆ.

"ಎಣಿಸಬೇ ಯವ್ವಾ."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಕೈಯನ್ನು ಲಂಗದೊಳಗೆ ಮುಚ್ಚಿಕೊಂಡಳು. ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ. ಅವತ್ತು ಮರಿ ಸತ್ತದ್ದು ಬೇನೆಯಿಂದ, ನಿನ್ನಿಂದಲ್ಲ, ನಾನು ಸುಳ್ಳು ಹೇಳಿದ್ದೆ ಎಂದು ಹೇಳಿದೆ. ಹಾಗೆ ಹೇಳುವಾಗ ನನಗೇ ಪೂರ್ತಿ ನಂಬಿಕೆ ಇರಲಿಲ್ಲ. ಆದರೂ ಹೇಳಿದೆ.

"ಸತ್ರ, ಮುತ್ಯಾ?"

"ಸತ್ರ ನನ್ನಿಂದ. ಎಣಿಸಂತ ಹೇಳಿದಾವ ನಾ. ನಿನ್ನ ಮ್ಯಾಲ ಏನೂ ಇಲ್ಲ."

ಒಳಗೆ ಕುರಿ ಒತ್ತರಿಸುತ್ತಿದ್ದವು. ಅವಳು ಕೈ ಹೊರಗೆ ತೆಗೆದಳು. ಒಂದು ಎಂದದ್ದು ನನಗೂ ಕೇಳಿಸಲಿಲ್ಲ, ತುಟಿ ಅಲುಗಿದ್ದಷ್ಟೇ. ಹತ್ತಕ್ಕೆ ದನಿ ಬಂತು. ಐವತ್ತರ ಹೊತ್ತಿಗೆ ಆಚೆ ನಿಂತ ಅವಳ ಅಪ್ಪನಿಗೂ ಕೇಳಿಸಿ, ಅವನು ಕೈಯಲ್ಲಿದ್ದ ಕೋಲು ಕೆಳಗೆ ಬಿಟ್ಟ. ಒಂದೊಂದು ಅಂಕಿಗೂ ನನ್ನ ಮೈಯಿಂದ ಒಂದೊಂದು ಎಳೆ ಕಿತ್ತಂತಾಗುತ್ತಿತ್ತು. ದೊಡ್ಡವು ಮುಗಿದ ಮೇಲೆ ಒಳಗೆ ಹೋಗಿ ಮರಿಗಳನ್ನೂ ಎಣಿಸಿದಳು. ಕೂಡಿಸಿ ಹೇಳಿದಳು. ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ, ಕ್ಷಮಿಸಬೇಕು.

ಮುಂದಿನ ದಿನಗಳಲ್ಲಿ ನಾನು ಕುರಿ ಕಾಯಲಿಲ್ಲ, ಕುರಿಯ ಉಸಿರು ಕಾಯ್ದೆ. ಒಂದು ಕೆಮ್ಮಿದರೆ ಓಡಿ ಹೋಗುತ್ತಿದ್ದೆ. ಮಂಗಳವಾರ ಹುಡುಗಿ ಸಾಲೆಗೆ ಹೋದ ಮೇಲೆ ದಡ್ಡಿಯ ಮೂಲೆಯಲ್ಲಿ ಒಂದು ಮರಿ ಕತ್ತು ಚೆಲ್ಲಿ ಬಿದ್ದಿತ್ತು. ಮುಟ್ಟಿದರೆ ತಣ್ಣಗೆ.

ಅಲ್ಲೇ ಕೂತುಬಿಟ್ಟೆ. ಬೀರಪ್ಪಾ, ತಗೊಳ್ಳುವುದಿದ್ದರೆ ನನ್ನನ್ನು ತಗೋ, ಪರೀಕ್ಷೆಯ ತನಕ ಮಾತ್ರ ಇನ್ನೊಂದನ್ನು ಮುಟ್ಟಬೇಡ ಎಂದೆ. ಮರಿಯನ್ನು ಕಂಬಳಿಯಲ್ಲಿ ಸುತ್ತಿ, ದೂರದ ಬದುವಿನಲ್ಲಿ ಗುಂಡಿ ತೋಡಿ ಮುಚ್ಚಿದೆ. ಮೇಲೆ ಜಾಲಿ ಮುಳ್ಳು ಎಳೆದೆ. ಮಗನಿಗೆ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ತಾಯಿ ಕುರಿ ಕೂಗದಂತೆ ಅದರ ಬಳಿಗೆ ಬೇರೆ ಮರಿಯನ್ನು ಬಿಟ್ಟೆ. ಸಂಜೆ ಹುಡುಗಿ ಬಂದು ಹಿಂಡಿನ ನಡುವೆ ಅಡ್ಡಾಡಿದಳು. ಏನೂ ಕೇಳಲಿಲ್ಲ. ಓದಲು ಕೂತಳು. ನನಗೆ ಅವಳ ಬೆನ್ನು ನೋಡಲೂ ಧೈರ್ಯವಾಗಲಿಲ್ಲ. ಐದು ದಿನ, ಒಂದೊಂದೂ ಒಂದು ಬೇಸಿಗೆಯಷ್ಟು ಉದ್ದ.

ಭಾನುವಾರ ಜಮಖಂಡಿಯಲ್ಲಿ ಪರೀಕ್ಷೆ. ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಒಳಗೆ ಹೋದವಳು ತಿರುಗಿ ನೋಡಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಎಷ್ಟೋ ಅಪ್ಪಂದಿರು ಕೂತಿದ್ದರು, ನಾನೊಬ್ಬನೇ ಕಂಬಳಿ ಹೊದ್ದವನು. ಅವಳು ಹೊರಬಂದಾಗ ಬಸ್ ಸ್ಟ್ಯಾಂಡ್ ಹತ್ತಿರ ಗಿರಮಿಟ್ ಕೊಡಿಸಿ, ಅವಳು ಎರಡು ತುತ್ತು ತಿನ್ನುವ ತನಕ ತಾಳಿಕೊಂಡು, ಕುರಿ ಬಂದಿತ್ತೇ ಎಂದು ಕೇಳಿದೆ.

"ಇಲ್ಲ. ಕೋಳಿ ಬಂದಿದ್ವು. ಒಂದ ಕಡೆ ಹುಡುಗ್ರೂ ಬಂದಿದ್ರು."

"ಮತ್ತ?"

"ಬಿಡಿಸ್ದೆ."

ಮತ್ತೊಂದು ತುತ್ತು ತಿಂದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು:

"ಮಂಗಳವಾರದಿಂದ ಒಂದ ಮರಿ ಕಡಿಮಿ ಐತಿ ಮುತ್ಯಾ."

ನನ್ನ ಕೈಯಲ್ಲಿದ್ದ ಕಾಗದದಿಂದ ಗಿರಮಿಟ್ ಕೆಳಗೆ ಸುರಿಯಿತು. ಅವಳು ಶುಕ್ರವಾರದಿಂದ ದಿನಾಲೂ ಎಣಿಸುತ್ತಿದ್ದಳಂತೆ, ಸಂಜೆ ಒಂದು ಸಲ. ಹಾಗಾದರೆ ಐದು ದಿನ ಗೊತ್ತಿದ್ದೂ ಸುಮ್ಮನೆ ಓದಿದ್ದಳು. ಯಾಕೆ ಹೇಳಲಿಲ್ಲ ಎಂದು ನಾನು ಕೇಳುವ ಮೊದಲೇ ಅವಳೇ ಹೇಳಿದಳು.

"ನೀ ಅಂಜಿದ್ದಿ. ಅದಕ್ಕ ಹೇಳಲಿಲ್ಲ. ನಾ ಎಣಿಸಿದ್ದಕ್ಕ ಸತ್ತಿಲ್ಲ ಅದು. ಅದರವ್ವಗ ಹಾಲಿರಲಿಲ್ಲ, ಮೂರ್ ದಿನದಿಂದ ನೋಡಾಕತ್ತಿದ್ದೆ. ಬರೇ ಮೊಲಿ ಚೀಪತಿತ್ತು. ನಿನಗ ಕಾಣಲಿಲ್ಲೇನ್?"

ಕಂಡಿರಲಿಲ್ಲ. ಎಣಿಕೆಯ ಅಂಜಿಕೆಯಲ್ಲಿ ನಾನು ಆಕಾಶ ನೋಡುತ್ತಿದ್ದೆ, ಗುಡಿ ನೋಡುತ್ತಿದ್ದೆ, ಕೆಮ್ಮು ಕೇಳುತ್ತಿದ್ದೆ, ಕುರಿಯ ಕೆಚ್ಚಲು ನೋಡಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ಜನರ ನಡುವೆ ನಾನು ಅತ್ತುಬಿಟ್ಟೆ. ಅವಳು ತನ್ನ ಪಾಲಿನ ಗಿರಮಿಟ್ ನನ್ನ ಕಡೆ ಸರಿಸಿ, ತಿನ್ನು, ಬಸ್ಸು ಬರುತ್ತದೆ ಎಂದಳು.

ಮರುದಿನವೇ ಹಿಂಡು ಹೊಡೆದುಕೊಂಡು ಮುಧೋಳದ ಕಡೆ ಹೊರಟೆವು. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಬಿಸಿಲಿಗೆ ಕುರಿಗಳೆಲ್ಲ ತಲೆ ಒಂದರ ಹೊಟ್ಟೆಯ ಕೆಳಗೊಂದು ತೂರಿಸಿ ನಿಂತಿದ್ದಾಗ, ದಾರಿಯಲ್ಲಿ ಕೊಡೆ ಹಿಡಿದ ಹೆಣ್ಣುಮಗಳು ಬರುವುದು ಕಂಡಿತು. ಅಕ್ಕೋರು. ಅವರು ಹತ್ತಿರ ಬರುವಷ್ಟರಲ್ಲಿ ಸೀಟ್ ಸಿಕ್ಕಿಲ್ಲವೆಂದೇ ನಿಶ್ಚಯ ಮಾಡಿಕೊಂಡು, ಮಗನಿಗೆ ಏನು ಹೇಳಲಿ, ಇವಳಿಗೆ ಏನು ಹೇಳಲಿ ಎಂದು ಯೋಚಿಸಿ ಮುಗಿಸಿದ್ದೆ. ಅವರು ಕೊಡೆ ಮಡಚಿ ಫಲಿತಾಂಶದ ಪಟ್ಟಿಯ ಕಾಗದ ತೆಗೆದು ಹುಡುಗಿಯ ಕೈಗೆ ಕೊಟ್ಟರು. ಅವಳು ಓದಿದಳು. ಓದಿ, ವಸತಿ ಸಾಲೆಯ ಒಂದು ಖೋಲಿಯಲ್ಲಿ ಎಷ್ಟು ಹುಡುಗಿಯರು ಇರುತ್ತಾರೆ ಎಂದು ಅಕ್ಕೋರನ್ನು ಕೇಳಿದಳು.

ಆಗ ನನಗೆ ತಿಳಿಯಿತು. ನಾನು ಏನೇನು ಮಾಡಿದೆನೋ ನೆನಪಿಲ್ಲ. ಅಕ್ಕೋರಿಗೆ ಕುರಿಹಾಲಿನ ಚಹಾ ಮಾಡಿಸಿ ಕುಡಿಸಿದೆನಂತೆ, ಸಕ್ಕರೆ ಹಾಕುವುದು ಮರೆತು. ದಾರಿಯಲ್ಲಿ ಹೋಗುವ ಟ್ರ್ಯಾಕ್ಟರಿನವನನ್ನು ನಿಲ್ಲಿಸಿ ಸುದ್ದಿ ಹೇಳಿದೆನಂತೆ, ಅವನು ಯಾರೋ ಏನೋ. ಹೆಂಡತಿ ಇನ್ನೂ ಆ ಕಥೆ ಹೇಳಿ ನಗುತ್ತಾಳೆ, ನಗಲಿ.

ಈಗ ಅವಳು ಬೀಳಗಿ ಕಡೆಯ ಆ ಸಾಲೆಯಲ್ಲಿದ್ದಾಳೆ. ರಜೆಗೆ ಬಂದಾಗ ಬಲೆಯ ಬಾಯಿಗೆ ನಿಂತು ಕುರಿ ಎಣಿಸುತ್ತಾಳೆ, ಯಾವುದಕ್ಕೆ ಹಾಲಿಲ್ಲ, ಯಾವುದು ಮೇಯುತ್ತಿಲ್ಲ ಎಂದು ವಹಿಯಲ್ಲಿ ಬರೆದು ಅವಳ ಅಪ್ಪನ ಕೈಗೆ ಕೊಟ್ಟು ಹೋಗುತ್ತಾಳೆ. ನನಗೆ ಇನ್ನೂ ಎಣಿಸಲು ಬಾಯಿ ಬರುವುದಿಲ್ಲ. ಅವಳು ಎಣಿಸುವಾಗ ಆಚೆ ಮುಖ ಮಾಡಿ ತಂಬಾಕು ತಿಕ್ಕುತ್ತೇನೆ. ಕಿವಿ ಮಾತ್ರ ಅತ್ತಲೇ ಇರುತ್ತದೆ, ಅಷ್ಟು ಗಟ್ಟಿ ದನಿ ಅವಳದು.